ಎಂಜಿನ್ ಬದಲಿಸಿದ ಜೀಪುಗಳು: ಯಾದಗಿರಿ, ಶಹಾಪುರ, ಸುರಪುರ ಸೀಮೆ

ಕಾರ್ಖಾನೆಯಿಂದ ಪೆಟ್ರೋಲ್ ಗಾಡಿಯಾಗಿ ಹೊರಬಂದು ಆಮೇಲೆ ಗ್ಯಾರೇಜಿನಲ್ಲಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಜೀಪುಗಳು 1970ರ ದಶಕದ ಉತ್ತರಾರ್ಧದಿಂದ ಹಲವು ವರ್ಷ ಕಲ್ಯಾಣ ಕರ್ನಾಟಕದ ಹಳ್ಳಿದಾರಿಗಳಲ್ಲಿ ಓಡಿದವು. ವಾಹನಗಳ ಚರಿತ್ರೆ ಬರೆಯುವವರು ಇವನ್ನು ಕಂಪನಿಯೇ ತಯಾರಿಸಿದ ಡೀಸೆಲ್ ಜೀಪುಗಳ ಜೊತೆ ಸೇರಿಸಿಬಿಡುವುದುಂಟು. ನೋಂದಣಿ ಪುಸ್ತಕದಲ್ಲಿ ಒಂದು ಎಂಜಿನ್, ಬಾನೆಟ್ ಎತ್ತಿದರೆ ಇನ್ನೊಂದು. ಗೊಂದಲದ ಬೇರು ಇಲ್ಲಿದೆ.

ಈ ಸೀಮೆಯ ಮೋಟಾರು ಸಂಚಾರದ ಆರಂಭದ ಕಥೆ ಪರಿಚಿತವಾದದ್ದೇ. ಆಗ ಈ ಸೀಮೆ ಸೇರಿದ್ದ ನಿಜಾಮ್ ಸಂಸ್ಥಾನದ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. 1956ರ ನವೆಂಬರ್ 1ರಂದು ಗುಲ್ಬರ್ಗ (ಈಗಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳೂ ಸೇರಿದವು. ಮುಂಬಯಿ–ಮದ್ರಾಸ್ ರೈಲುಮಾರ್ಗ ಯಾದಗಿರಿಯನ್ನು ಮುಟ್ಟಿತ್ತೇ ಹೊರತು ಶಹಾಪುರ, ಸುರಪುರಗಳಿಗೆ ರೈಲು ಬರಲಿಲ್ಲ. ಆ ಎರಡು ಊರುಗಳಿಗೂ ಅವುಗಳ ಸುತ್ತಲಿನ ಹಳ್ಳಿಗಳಿಗೂ ರಸ್ತೆಯೇ ಗತಿಯಾಗಿತ್ತು. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಅಂಟಾಗುತ್ತಿದ್ದುದರಿಂದ ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಗೆ ಬೆಲೆಯಿತ್ತು.

ಅಂಥ ಗಾಡಿಯೆಂದರೆ ಜೀಪು. ಅಮೆರಿಕದ ವಿಲ್ಲಿಸ್ ಕಂಪನಿಯ ಪರವಾನಗಿಯಲ್ಲಿ ಮಹೀಂದ್ರ ಸಂಸ್ಥೆ ತಯಾರಿಸುತ್ತಿದ್ದ ಸಿಜೆ-3ಬಿ ಮಾದರಿಯಲ್ಲಿ ಹರಿಕೇನ್ ಹೆಸರಿನ ನಾಲ್ಕು ಸಿಲಿಂಡರಿನ, ಸುಮಾರು 2,200 ಸಿಸಿಯ ಪೆಟ್ರೋಲ್ ಎಂಜಿನ್ ಇರುತ್ತಿತ್ತು. ಅದರ ಒಳಬರುವ ವಾಲ್ವುಗಳು ಮೇಲೆ, ಹೊರಹೋಗುವ ವಾಲ್ವುಗಳು ಪಕ್ಕದಲ್ಲಿ. ಎಂಜಿನ್ ಎತ್ತರವಾದದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಈ ಎತ್ತರ ಮುಂದೆ ಡೀಸೆಲ್ ಎಂಜಿನ್ ಇಳಿಸುವವರಿಗೆ ಅನುಕೂಲವಾಗಿ ಪರಿಣಮಿಸಿತು. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಕಾಮಗಾರಿ ನಡೆದ ಕಾಲದಲ್ಲಿ ಜೀಪು ಮುಖ್ಯವಾಗಿ ಸರ್ಕಾರಿ ವಾಹನ. ಇಲಾಖೆಗಳು ಹರಾಜು ಹಾಕಿದ ಹಳೆಯ ಜೀಪುಗಳು ಖಾಸಗಿಯವರ ಕೈಸೇರಿದಾಗ ಅದರ ಎರಡನೆಯ ಬದುಕು ಶುರುವಾಗುತ್ತಿತ್ತು.

ನಿಜವಾದ ತಿರುವು 1973ರ ತೈಲ ಬಿಕ್ಕಟ್ಟು. ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಭಾರತದಲ್ಲಿ ಪೆಟ್ರೋಲು ಉಳ್ಳವರ ಇಂಧನವೆಂದು ಹೆಚ್ಚಿನ ತೆರಿಗೆ ಹೊತ್ತಿತ್ತು. ಬಸ್ಸು, ಲಾರಿ, ಪಂಪ್‌ಸೆಟ್ಟುಗಳು ಕುಡಿಯುವ ಡೀಸೆಲನ್ನು ಸರ್ಕಾರ ಅಗ್ಗವಾಗಿಟ್ಟಿತ್ತು. ಬಾಡಿಗೆಗೆ ಓಡುವ ಜೀಪಿಗೆ ಪೆಟ್ರೋಲು ಹಾಕಿಸಿ ಲಾಭ ಕಾಣುವುದು ಅಸಾಧ್ಯವಾಯಿತು.

ಅಮೆರಿಕದಲ್ಲಿ ಎಂಜಿನ್ ಬದಲಿಸುವ ಆಟವೇ ಬೇರೆಯಾಗಿತ್ತು. ಅಲ್ಲಿ 1960ರ ದಶಕದಲ್ಲೇ ಪೆನ್ಸಿಲ್ವೇನಿಯಾದ ಯೆಂಕೊ ಮುಂತಾದ ಡೀಲರುಗಳು ಕಂಪನಿಯ ಕಾರಿಗೆ ದೊಡ್ಡ ಎಂಜಿನ್ ಹಾಕಿ ಮಾರುತ್ತಿದ್ದರು. 1970ರ ಶುದ್ಧ ಗಾಳಿ ಕಾಯ್ದೆಯ ಪ್ರಕಾರ ಮಾರಾಟಕ್ಕೆ ಮೊದಲು ಹೊಗೆ ನಿಯಂತ್ರಣ ಸಾಧನ ಮುಟ್ಟುವುದು ಡೀಲರಿಗೆ ನಿಷಿದ್ಧವಾಯಿತು. ಅರಿಜೋನದ ಮೆಕಮ್ ಡೀಲರುಗಳು ಇದಕ್ಕೊಂದು ದಾರಿ ಹುಡುಕಿದರು: 1977ರಿಂದ 'ಮ್ಯಾಚೊ' ಹೆಸರಿನಲ್ಲಿ ಹೊರತಂದ ಪಾಂಟಿಯಾಕ್ ಟ್ರಾನ್ಸ್ ಆ್ಯಮ್ ಕಾರುಗಳನ್ನು ಮೊದಲು ತಮ್ಮ ಹೆಸರಿಗೇ ಮಾಡಿಸಿಕೊಂಡು, ಬಳಸಿದ ಕಾರೆಂದು ಮಾರಿದರು. ಅಲ್ಲಿ ವೇಗಕ್ಕಾಗಿ ಕಾಗದಪತ್ರ ಸರಿಹೊಂದಿಸಿದರೆ ಇಲ್ಲಿ ಲೀಟರಿಗೆ ಸಿಗುವ ಕಿಲೋಮೀಟರಿಗಾಗಿ ಎಂಜಿನ್ ಬದಲಾಯಿತು. ಇಲ್ಲಿ ಆ ಕೆಲಸ ಡೀಲರಿನದಲ್ಲ, ಗ್ಯಾರೇಜಿನದು.

ಡೀಸೆಲ್ ಕೂರಿಸುವುದು ಬೋಲ್ಟು ಬಿಚ್ಚಿ ಬೋಲ್ಟು ಹಾಕುವ ಕೆಲಸವಾಗಿರಲಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದಕ್ಕೊಂದು ಕೂಡದಿದ್ದರೆ ಲೇಥಿನಲ್ಲಿ ದಪ್ಪ ಉಕ್ಕಿನ ತಟ್ಟೆ ಕೊರೆಸಿ ನಡುವೆ ಕೂರಿಸಬೇಕು. ಅದರ ನಡುಬಿಂದು ಕೂದಲೆಳೆಯಷ್ಟು ಸರಿದರೂ ಕ್ಲಚ್ ಬೇಗ ಸವೆಯುತ್ತದೆ. ಡೀಸೆಲ್ ಎಂಜಿನ್ ಭಾರವಾದದ್ದರಿಂದ ಮುಂದಿನ ಕಮಾನುಪಟ್ಟಿಗೆ ಇನ್ನೊಂದು ಎಲೆ ಸೇರಿಸಬೇಕು. ಸ್ಟಾರ್ಟ್ ಆಗಲು ದೊಡ್ಡ ಬ್ಯಾಟರಿ ಬೇಕು. ಇಷ್ಟಾದರೂ ಆಕ್ಸಲ್ಲಿನ ಹಲ್ಲುಚಕ್ರದ ಜೋಡಿಯಾದ ಕ್ರೌನ್-ಪಿನಿಯನ್ನಿನ ತಕರಾರು ಉಳಿಯುತ್ತಿತ್ತು. ನಿಮಿಷಕ್ಕೆ 4,000 ಸುತ್ತು ತಿರುಗುವ ಪೆಟ್ರೋಲ್ ಎಂಜಿನ್ನಿಗೆಂದು ಇಟ್ಟ 5.38ರ ಅನುಪಾತ, ಟ್ರ್ಯಾಕ್ಟರ್ ತಳಿಯ ನಿಧಾನದ ಡೀಸೆಲ್ಲಿಗೆ ಒಗ್ಗುವುದಿಲ್ಲ. ಸದ್ದು ಆಕಾಶಕ್ಕೇರಿದರೂ ಗಾಡಿಯ ವೇಗ ಏರದು. ಕ್ರೌನ್ ಬದಲಿಸದೆ ಬಿಟ್ಟ ಜೀಪು ಟಾಪ್ ಗೇರಿನಲ್ಲೂ ಏದುಸಿರು ಬಿಡುತ್ತಿತ್ತು. ಹಳ್ಳಿಯ ದಾರಿಗೆ ಅಷ್ಟೇ ಸಾಕು ಎನ್ನುವ ಮಾಲೀಕರಿಗೂ ಕೊರತೆಯಿರಲಿಲ್ಲ.

ದಾಖಲೆಗಳು ತೊಡರುವುದು ಈ ಹಂತದಲ್ಲಿ. ಮಹೀಂದ್ರ ಸಂಸ್ಥೆ ತನ್ನ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಎಂಜಿನ್ನನ್ನೇ ಜೀಪಿಗೆ ಅಳವಡಿಸಿ ಡೀಸೆಲ್ ಮಾದರಿಗಳನ್ನು ತಂದಿತು. ಬಳಿಕ ಪ್ಯೂಜೋ ಪರವಾನಗಿಯ 2,112 ಸಿಸಿ ಎಂಜಿನ್ನಿನೊಂದಿಗೆ ಎಂಎಂ540 ಬಂತು. ಟ್ರ್ಯಾಕ್ಟರ್ ರಿಪೇರಿ ಬಲ್ಲವನಿಗೆ ಟ್ರ್ಯಾಕ್ಟರ್ ಎಂಜಿನ್ನಿನ ಆ ಮೊದಲ ಜೀಪುಗಳು ಹೊಸತೇನಲ್ಲ. ಕಂಪನಿಯ ಡೀಸೆಲ್ ಮತ್ತು ಗ್ಯಾರೇಜಿನ ಡೀಸೆಲ್ ಎರಡರ ಹೊರರೂಪವೂ ಒಂದೇ ಆದ್ದರಿಂದ ಹಳೆಯ ಫೋಟೊ ನೋಡಿ ಯಾವುದೆಂದು ಹೇಳಲಾಗದು. ಕಾರುಗಳ ವಿಷಯವೂ ಹೀಗೆಯೇ: ಡೀಸೆಲ್ ಅಂಬಾಸಡರ್ ಮಾರುಕಟ್ಟೆಗೆ ಬಂದ ವರ್ಷವನ್ನು 1978ರಿಂದ 1980ರವರೆಗೆ ಬೇರೆ ಬೇರೆಯಾಗಿ ಕೊಡಲಾಗುತ್ತದೆ. ಗ್ಯಾರೇಜಿನಲ್ಲಿ ಎಂಜಿನ್ ಬದಲಿಸಿಕೊಂಡ ಕಾರುಗಳು ಎಣಿಕೆಯಲ್ಲಿ ಬೆರೆತಾಗ ಈ ಗೋಜಲು ಇನ್ನೂ ಹೆಚ್ಚುತ್ತದೆ.

ಕಾನೂನು ಆಗ ಸಡಿಲವಾಗಿತ್ತು. 1939ರ ಮೋಟಾರು ವಾಹನ ಕಾಯ್ದೆಯಡಿ ಮಾಲೀಕ ಮಾರ್ಪಾಡಿನ ವಿಷಯವನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕಿತ್ತು. ಕಚೇರಿ ಗುಲ್ಬರ್ಗದಲ್ಲಿ, ಗಾಡಿ ಸುರಪುರದ ಆಚೆಯ ಹಳ್ಳಿಯಲ್ಲಿ ಇರುವಾಗ ತಿಳಿಸುವ ಉತ್ಸಾಹ ಎಷ್ಟಿದ್ದೀತು ಎಂಬುದನ್ನು ಊಹಿಸಬಹುದು. 1988ರ ಕಾಯ್ದೆಯ 52ನೇ ಕಲಮು ಬಿಗಿಯಾಯಿತು. 2000ದ ತಿದ್ದುಪಡಿಯ ನಂತರ, ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವುದೇ ನಿಷಿದ್ಧ. ಸಿಎನ್‌ಜಿಯಂಥ ಇಂಧನದ ಅನುಮೋದಿತ ಕಿಟ್ಟುಗಳಿಗೆ ವಿನಾಯಿತಿ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ನಿಯಮಬಾಹಿರ ಮಾರ್ಪಾಡಿಗೆ ಮಾಲೀಕನ ಮೇಲೆ ಆರು ತಿಂಗಳವರೆಗಿನ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಇಟ್ಟಿತು. ಡೀಲರಿಗೆ ಒಂದು ವರ್ಷದವರೆಗಿನ ಸಜೆ ಅಥವಾ ವಾಹನಕ್ಕೆ ಒಂದು ಲಕ್ಷ ರೂಪಾಯಿ ದಂಡ.

ಆ ವೇಳೆಗೆ ಎಂಜಿನ್ ಬದಲಿಸುವ ಅಗತ್ಯವೇ ಮುಗಿದಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆಯಡಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕಾಲುವೆ ನೀರು ಹರಿದ ಮೇಲೆ ಭತ್ತ, ಹತ್ತಿಯ ಜೊತೆ ಕೂಲಿಕಾರರ ಓಡಾಟವೂ ಬೆಳೆಯಿತು. ಮೊದಲೇ ಡೀಸೆಲ್ ಇದ್ದ ಟ್ರ್ಯಾಕ್ಸ್, ಅದರ ಪೀಳಿಗೆಯ ಕ್ರೂಸರ್ ಮತ್ತು ಮೂರು ಚಕ್ರದ ಟಂಟಂ ಜೀಪಿನ ಜಾಗ ಹಿಡಿದವು. ಇವುಗಳಲ್ಲಿ ಬದಲಾವಣೆಯೆಂದರೆ ಹೆಚ್ಚುವರಿ ಸೀಟು, ಮೇಲಿನ ಕ್ಯಾರಿಯರ್, ಹಿಂದಿನ ಮೆಟ್ಟಿಲು. ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುವವರನ್ನು ಮಿತಿಮೀರಿ ತುಂಬಿಕೊಂಡ ಗಾಡಿ ಉರುಳಿದ ಸುದ್ದಿ ಬಂದಾಗಲೆಲ್ಲ ಸಾರಿಗೆ ಇಲಾಖೆಯ ತಪಾಸಣೆ ಚುರುಕಾಗುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ಮಾನದಂಡದ ಎಂಜಿನ್ನುಗಳನ್ನು ಎಲೆಕ್ಟ್ರಾನಿಕ್ ಘಟಕ ಆಳುವುದರಿಂದ ಸಾಮಾನ್ಯ ಗ್ಯಾರೇಜಿನಲ್ಲಿ ಅವನ್ನು ಇನ್ನೊಂದು ಗಾಡಿಗೆ ಕೂರಿಸುವುದು ದುಸ್ತರ.

ಉಳಿದ ಹಳೆಯ ಜೀಪುಗಳಿಗೆ ಈಗ ಹವ್ಯಾಸಿಗಳ ಬೇಡಿಕೆಯಿದೆ. ಅವರಲ್ಲಿ ಕೆಲವರು ಡೀಸೆಲ್ ಎಂಜಿನ್ ತೆಗೆದು ಮತ್ತೆ ಹರಿಕೇನ್ ಹುಡುಕಿ ಹಾಕಿಸುತ್ತಾರೆ. ಗಣಕೀಕೃತ 'ವಾಹನ್' ದಾಖಲೆಗೆ ಹಳೆಯ ಪುಸ್ತಕಗಳ ನಮೂದುಗಳೇ ಆಧಾರವಾದ್ದರಿಂದ, ಯಾದಗಿರಿಯ ಕೆಎ-33 ಆಗಲಿ ಕಲಬುರಗಿಯ ಕೆಎ-32 ಆಗಲಿ, ಹಳೆಯ ಜೀಪಿನ ಇಂಧನ ಯಾವುದೆಂದು ತಿಳಿಯಲು ಪರದೆಯ ಮೇಲಿನ ವಿವರ ಸಾಲದು. ದಾಖಲೆಯಲ್ಲಿರುವ ಎಂಜಿನ್ ನಂಬರನ್ನು ಬ್ಲಾಕಿನ ಮೇಲೆ ಕೆತ್ತಿದ ಅಂಕಿಯೊಂದಿಗೆ ತಾಳೆ ನೋಡಬೇಕಾಗುತ್ತದೆ.