ಪುಣೆಯ ಗಣಿತದ ಮುಂಗಾರು ಮತ್ತು ದೋಷದ ನೆಲೆ

ಲೆಕ್ಕಾಚಾರದಿಂದ ಕಟ್ಟಿದ ಜಗತ್ತಿನೊಳಗೇ ದೋಷವಿರುತ್ತದೆಯೇ, ಅಥವಾ ವಾಸ್ತವದೊಡನೆ ತಾಳೆ ನೋಡಿದಾಗ ಮಾತ್ರ ಅದು ದೋಷವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಪುಣೆಯ ಮುಂಗಾರು ಮುನ್ಸೂಚನೆಯ ಚರಿತ್ರೆ ನೇರವಾಗಿ ಮುಂದಿಡುತ್ತದೆ. ಭಾರತೀಯ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದು 1944ರಲ್ಲಿ ದೆಹಲಿಗೆ ಹೋಯಿತಾದರೂ, ಶಿವಾಜಿನಗರದ ಆ ಕಟ್ಟಡ ಇಂದಿಗೂ ‘ಶಿಮ್ಲಾ ಆಫೀಸ್’ ಎಂದೇ ಪರಿಚಿತವಾಗಿದೆ. 1962ರಲ್ಲಿ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯೂ ಇದೇ ನಗರದಲ್ಲಿ ನೆಲೆಗೊಂಡಿತು.

ಹಿಮದ ಹೊದಿಕೆ, ಗಾಳಿಯ ಒತ್ತಡ, ಪೆಸಿಫಿಕ್ ಸಾಗರದ ನೀರು ಅತಿಯಾಗಿ ಬಿಸಿಯಾಗುವ ಎಲ್ ನಿನೊ ಮೊದಲಾದ 16 ಸೂಚಕಗಳನ್ನು ಜೋಡಿಸಿ ದೇಶದ ಒಟ್ಟು ಮಳೆಯನ್ನು ಅಂದಾಜಿಸುವ ಸೂತ್ರವನ್ನು ವಸಂತ ಗೋವಾರಿಕರ್ ಮತ್ತು ಸಹೋದ್ಯೋಗಿಗಳು ರೂಪಿಸಿದರು. ಅದು 1988ರಿಂದ ಬಳಕೆಯಲ್ಲಿತ್ತು. 1989ರಿಂದ 2001ರವರೆಗೆ ದೇಶವ್ಯಾಪಿ ಬರ ಬಾರದ ಕಾರಣ ಅದರ ಮೇಲೆ ನಂಬಿಕೆ ಬಲಿಯಿತು. ಆದರೆ 2002ರಲ್ಲಿ ವಾಡಿಕೆಯ ಶೇ. 101ರಷ್ಟು ಮಳೆಯಾಗುವುದೆಂದು ಸೂತ್ರ ಹೇಳಿದಾಗ ಸುರಿದದ್ದು ಶೇ. 81 ಮಾತ್ರ.

ಇಲ್ಲಿ ಕೂಡಿ ಕಳೆಯುವುದರಲ್ಲಿ ತಪ್ಪಾಗಿರಲಿಲ್ಲ. 1997ರಲ್ಲಿ ಅತಿ ಪ್ರಬಲ ಎಲ್ ನಿನೊ ಇದ್ದರೂ ಮಳೆ ಶೇ. 102ರಷ್ಟಾಗಿ, 2002ರಲ್ಲಿ ಅದು ಅಷ್ಟು ಪ್ರಬಲವಲ್ಲದಿದ್ದರೂ ಬರ ಬಂದುದಕ್ಕೆ, ಪುಣೆಯಲ್ಲಿ ಜನಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಸುಲೋಚನಾ ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಒಂದು ವಿವರಣೆ ನೀಡಿದರು: ಸಮಭಾಜಕದ ಬಳಿಯ ಹಿಂದೂ ಮಹಾಸಾಗರದಲ್ಲಿ ಮೋಡಗಳು ಆಫ್ರಿಕಾದ ಕಡೆ ದಟ್ಟೈಸಿದರೆ ಮುಂಗಾರಿಗೆ ಅನುಕೂಲ, ಸುಮಾತ್ರಾದ ಕಡೆ ದಟ್ಟೈಸಿದರೆ ಪ್ರತಿಕೂಲ. ಹಾಗಾಗಿ ಸೂತ್ರ ತನ್ನ ನಿಯಮವನ್ನು ಮೀರಲಿಲ್ಲ, ಪ್ರಕೃತಿಯೂ ತನ್ನ ನಿಯಮವನ್ನು ಮೀರಲಿಲ್ಲ. ಒಂದು ಇನ್ನೊಂದರ ಪ್ರತಿರೂಪವೆಂಬ ಹೇಳಿಕೆ ಮಾತ್ರ ಸುಳ್ಳಾಯಿತು.

ಸೂತ್ರಕ್ಕಿಂತ ಬೇರೆಯಾದ ದಾರಿಯೂ ಇತ್ತು: 2012ರಲ್ಲಿ ಆರಂಭವಾದ ಮಾನ್ಸೂನ್ ಮಿಷನ್ ಅಡಿಯಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಅಮೆರಿಕದ ಸಿಎಫ್‌ಎಸ್ ಮಾದರಿಯನ್ನು ಭಾರತಕ್ಕೆ ಹೊಂದಿಸತೊಡಗಿತು. ಸಾಗರ, ಗಾಳಿ, ನೆಲಗಳನ್ನು ಭೌತಶಾಸ್ತ್ರದ ಸಮೀಕರಣಗಳಿಂದ ಕಂಪ್ಯೂಟರಿನೊಳಗೆ ಮರುಸೃಷ್ಟಿಸುವ ಈ ಜಗತ್ತು ಸುಮಾರು 38 ಕಿ.ಮೀ. ಅಗಲದ ಚೌಕಗಳಾಗಿ ಹಂಚಿಹೋಗಿರುತ್ತದೆ. ಘಟ್ಟದ ಮೇಲಿನ ಲೋನಾವಳಾದಿಂದ ಪುಣೆಗೆ ಬರುವಷ್ಟರಲ್ಲಿ ಮಳೆ ಹಲವು ಪಟ್ಟು ಇಳಿಯುವುದರಿಂದ, ಅಂತಹ ಎರಡು ಚೌಕಗಳಲ್ಲಿ ಈ ಇಳಿಕೆ ಸರಿಯಾಗಿ ಮೂಡಲಾರದು. ಚೌಕಕ್ಕಿಂತ ಚಿಕ್ಕದಾದ ಮೋಡಗಳನ್ನಂತೂ ಸರಾಸರಿ ಅಂದಾಜಿನಿಂದಲೇ ತುಂಬಬೇಕಾಗುತ್ತದೆ. ಇಂತಹ ಮಿತಿಗಳಿಂದಾಗಿ ಮಾದರಿ ಭಾರತದ ನೆಲದ ಮೇಲೆ ವಾಸ್ತವಕ್ಕಿಂತ ಕಡಿಮೆ ಮಳೆ ತೋರಿಸುತ್ತಿತ್ತು. ಹೀಗೆ ಒಂದೇ ದಿಕ್ಕಿಗೆ ವಾಲುವ ತಪ್ಪಿಗೆ ಬಯಾಸ್ ಎಂದು ಹೆಸರು. 2018ರ ಪ್ರತ್ಯೂಷ್, 2024ರ ಅರ್ಕ ಸೂಪರ್‌ಕಂಪ್ಯೂಟರ್‌ಗಳ ಬಲದಿಂದ ಇತರ ಮಾದರಿಗಳಲ್ಲಿ ಚೌಕ ಕಿರಿದಾಗುತ್ತ ಬಂದು, 2025ರ ಭಾರತ್ ಫೋರ್ಕಾಸ್ಟ್ ಸಿಸ್ಟಮ್‌ನಲ್ಲಿ 6 ಕಿ.ಮೀ.ಗೆ ಇಳಿಯಿತು.

ಆದರೂ ತಪ್ಪನ್ನು ಪೂರ್ತಿ ನಿವಾರಿಸುವುದೊಂದೇ ದಾರಿಯಾಗಿರಲಿಲ್ಲ. ಕಳೆದುಹೋದ ವರ್ಷಗಳ ಮಳೆಯನ್ನು ಮಾದರಿಯಿಂದ ಮತ್ತೆ ಲೆಕ್ಕ ಹಾಕಿಸಿ, ಮಳೆಮಾಪಕದ ದಾಖಲೆಗಳೊಡನೆ ತಾಳೆ ನೋಡಿದರೆ ಬಯಾಸ್‌ನ ಪ್ರಮಾಣ ತಿಳಿಯುತ್ತದೆ. ತಿಳಿದಷ್ಟನ್ನು ಮುನ್ಸೂಚನೆಯಲ್ಲಿ ಸರಿಹೊಂದಿಸಿಕೊಳ್ಳಬಹುದು. ಅಳತೆಗೆ ಸಿಕ್ಕ ತಪ್ಪಿನೊಡನೆ ಮಾದರಿ ಉಪಯುಕ್ತವಾಗಿಯೇ ಇರಬಲ್ಲದು. 2002ರಲ್ಲಿ ಸೋತ ಸೂತ್ರಕ್ಕಾದರೋ, ಬರವಿಲ್ಲದ 13 ವರ್ಷಗಳ ಬಳಕೆಯಲ್ಲಿ ಬರದ ವರ್ಷದ ತಪ್ಪನ್ನು ಅಳೆಯುವ ಸಂದರ್ಭ ಒದಗಿರಲಿಲ್ಲ.