ಪಂಚತಾರೆಯ ಕಾರು, ಎರೆಸೀಮೆಯ ಹಾದಿ: ಕೊಪ್ಪಳ ಜಿಲ್ಲೆಯಲ್ಲಿ ವೇಗದ ವಿದ್ಯುತ್ ಕಾರಿನ ಸುರಕ್ಷತೆ ಮತ್ತು ಭರವಸೆ

ಮಹೀಂದ್ರ ಕಂಪನಿಯ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳು 2024ರ ನವೆಂಬರ್ 26ರಂದು ಅನಾವರಣಗೊಂಡು, 2025ರ ಮಾರ್ಚ್‌ನಿಂದ ಗಿರಾಕಿಗಳ ಕೈ ಸೇರತೊಡಗಿದವು. ಅದಕ್ಕೂ ಮುನ್ನ, ಜನವರಿಯಲ್ಲಿ, ಭಾರತ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯ ಫಲಿತಾಂಶ ಬಂದಿತ್ತು. ವಯಸ್ಕರ ರಕ್ಷಣೆಯಲ್ಲಿ ಬಿಇ 6ಕ್ಕೆ 32ಕ್ಕೆ 31.97 ಅಂಕ, ಎಕ್ಸ್‌ಇವಿ 9ಇಗೆ 32ಕ್ಕೆ 32. ಮಕ್ಕಳ ರಕ್ಷಣೆಯಲ್ಲಿ ಎರಡಕ್ಕೂ 49ಕ್ಕೆ 45. ಒಟ್ಟಾರೆ ಎರಡಕ್ಕೂ ಐದು ನಕ್ಷತ್ರ. ಬಿಇ 6ರ ದೊಡ್ಡ ಬ್ಯಾಟರಿ 79 ಕಿಲೋವ್ಯಾಟ್ ಅವರ್ ಸಾಮರ್ಥ್ಯದ್ದು, ಮೋಟಾರು 210 ಕಿಲೋವ್ಯಾಟ್‌ನದು. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ 6.7 ಸೆಕೆಂಡು ಸಾಕೆಂದು ಕಂಪನಿ ಹೇಳುತ್ತದೆ.

ಈ ಅಂಕಗಳನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ. ಆದರೆ ಪ್ರಯೋಗಾಲಯದ ಪರೀಕ್ಷೆ ಒಂದು ನಿರ್ದಿಷ್ಟ ಪ್ರಶ್ನೆಗೆ ಉತ್ತರ ಕೊಡುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಾದಿ ಕೇಳುವ ಪ್ರಶ್ನೆಗಳೇ ಬೇರೆ. ಇಂಥ ಕಾರು ಇಲ್ಲಿ ಸುರಕ್ಷಿತವಾಗಿ ಬಾಳುವುದು ಅದರ ಉಕ್ಕಿನ ಗಟ್ಟಿತನದ ಮೇಲೆ ಎಷ್ಟು ನಿಂತಿದೆಯೋ, ಟ್ರ್ಯಾಕ್ಟರ್ ಟ್ರಾಲಿಯ ಹಿಂಬದಿಯ ರಿಫ್ಲೆಕ್ಟರ್, ಮನೆಯ ಅರ್ತಿಂಗ್ ಗುಂಡಿ ಮತ್ತು ತಾಲೂಕಿನ ಅಗ್ನಿಶಾಮಕ ಠಾಣೆಯ ತಿಳಿವಳಿಕೆಯ ಮೇಲೂ ಅಷ್ಟೇ ನಿಂತಿದೆ ಎಂಬುದು ಈ ಲೇಖನದ ವಾದ.

ರೇವಾದಿಂದ ಇಲ್ಲಿಯವರೆಗೆ

ಭಾರತದ ವಿದ್ಯುತ್ ಕಾರಿನ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಚೇತನ್ ಮೈನಿ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ 2001ರಲ್ಲಿ ರಸ್ತೆಗಿಳಿಯಿತು; ಸೀಸ-ಆಮ್ಲದ ಬ್ಯಾಟರಿಯ ಈ ಪುಟ್ಟ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. ಯುರೋಪಿನ ನಿಯಮದಲ್ಲಿ ಅದು ಕಾರಿನ ವರ್ಗಕ್ಕೇ ಸೇರದೆ ಕ್ವಾಡ್ರಿಸೈಕಲ್ ಎನಿಸಿಕೊಂಡಿದ್ದರಿಂದ ಕಾರುಗಳಿಗೆ ಕಡ್ಡಾಯವಾಗಿದ್ದ ಡಿಕ್ಕಿ ಪರೀಕ್ಷೆ ಅದಕ್ಕೆ ಅನ್ವಯಿಸಿರಲಿಲ್ಲ. 2007ರಲ್ಲಿ ಬ್ರಿಟನ್ನಿನಲ್ಲಿ ನಡೆಸಿದ ಪರೀಕ್ಷೆಗಳು ಚಾಲಕನಿಗೆ ಗಂಭೀರ ಅಪಾಯವಿದೆಯೆಂದು ತೋರಿಸಿಕೊಟ್ಟವು. 2010ರಲ್ಲಿ ಮಹೀಂದ್ರ ಕಂಪನಿ ರೇವಾದ ಬಹುಪಾಲು ಷೇರು ಕೊಂಡಿತು. ಹೀಗೆ ನೋಡಿದರೆ ಡಿಕ್ಕಿ ಪರೀಕ್ಷೆಯಿಂದ ಹೊರಗುಳಿದ ಕಾರಿನಿಂದ ಅಂಥ ಪರೀಕ್ಷೆಯ ವಯಸ್ಕರ ವಿಭಾಗದಲ್ಲಿ ಪೂರ್ಣಾಂಕ ಪಡೆದ ಕಾರಿನವರೆಗಿನ ದಾರಿಯನ್ನು ಕಾಲು ಶತಮಾನದೊಳಗೆ ಕ್ರಮಿಸಿದ್ದೇವೆ. ಇದು ಹೆಮ್ಮೆಯ ಮಾತೇ. ಆದರೆ ಈ ಅವಧಿಯಲ್ಲಿ ಮೋಟಾರಿನ ಶಕ್ತಿಯೂ ಹತ್ತಾರು ಪಟ್ಟು ಏರಿದೆ. ರೇವಾದ ದೌರ್ಬಲ್ಯವನ್ನು ಅದರ ನಿಧಾನಗತಿ ಒಂದಿಷ್ಟು ಮುಚ್ಚಿತ್ತು. ಹೊಸ ಕಾರಿಗೆ ಆ ಆಸರೆ ಇಲ್ಲ.

ರಾತ್ರಿಯ ರಸ್ತೆಯ ಲೆಕ್ಕ

ಭಾರತ್ ಎನ್‌ಕ್ಯಾಪ್‌ನ ಮುಂಬದಿಯ ಪರೀಕ್ಷೆಯಲ್ಲಿ ಕಾರು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಮೂತಿಯ ಒಂದು ಪಾರ್ಶ್ವವನ್ನು ಮಾತ್ರ ಒಡ್ಡಿ, ಕುಸಿಯಬಲ್ಲ ತಡೆಗೋಡೆಗೆ ಬಡಿಯುತ್ತದೆ. ಪಕ್ಕದಿಂದ ಬರುವ ಹೊಡೆತವನ್ನು 50 ಕಿ.ಮೀ., ಕಂಬದ ಹೊಡೆತವನ್ನು 29 ಕಿ.ಮೀ. ವೇಗದಲ್ಲಿ ಅಳೆಯುತ್ತಾರೆ. ಚಲಿಸುವ ಕಾರಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 64ರ ಬದಲು 100 ಕಿ.ಮೀ. ವೇಗವಿದ್ದರೆ ಅದೇ ಕಾರು ಅರಗಿಸಿಕೊಳ್ಳಬೇಕಾದ ಶಕ್ತಿ ಸುಮಾರು 2.4 ಪಟ್ಟು. ಆ ಹೊಡೆತಕ್ಕೆ ಐದು ನಕ್ಷತ್ರ ಜವಾಬು ಹೇಳುವುದಿಲ್ಲ.

ಕುಷ್ಟಗಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 50, ಕೊಪ್ಪಳದ ಮೂಲಕ ಹೆದ್ದಾರಿ 67 ಹಾದುಹೋಗುತ್ತವೆ. ಅಲ್ಲಿ ವೇಗಕ್ಕೆ ತಕ್ಕ ಹಾಸು ಇದೆ. ಹೆದ್ದಾರಿ ಬಿಟ್ಟು ಯಲಬುರ್ಗಾ ಕಡೆಗೋ ಗಂಗಾವತಿಯ ಭತ್ತದ ಸೀಮೆಗೋ ತಿರುಗಿದರೆ ಚಿತ್ರ ಬದಲಾಗುತ್ತದೆ. ಸುಗ್ಗಿಯಲ್ಲಿ ಭತ್ತ ತುಂಬಿದ ಟ್ರಾಲಿಗಳು, ಕಟಾವು ಯಂತ್ರಗಳು, ರಸ್ತೆಯ ಅರ್ಧಕ್ಕೆ ಹರವಿದ ಸಜ್ಜೆ-ತೊಗರಿಯ ರಾಶಿ, ಅದರ ಅಂಚಿಗೆ ಸಾಲಾಗಿಟ್ಟ ಕಲ್ಲು, ಕುರಿಹಿಂಡು. ಟ್ರಾಲಿಗೆ ಹಿಂದೀಪ ಇರುವುದೇ ಅಪರೂಪ. ಇದ್ದ ರಿಫ್ಲೆಕ್ಟರ್ ಮೇಲೆ ಕೆಸರೋ ಹೊಟ್ಟೋ ಮೆತ್ತಿಕೊಂಡಿರುತ್ತದೆ.

ಇಲ್ಲೊಂದು ಸರಳ ಲೆಕ್ಕ ಹಾಕೋಣ. ಎದುರಿನಿಂದ ಲಾರಿ ಬರುತ್ತಿದೆ, ಚಾಲಕ ಡಿಪ್ ಲೈಟಿಗೆ ಬಂದಿದ್ದಾನೆ, ದೀಪವಿಲ್ಲದ ಟ್ರಾಲಿ ಅವನಿಗೆ 55 ಮೀಟರ್ ಅಂತರದಲ್ಲಿ ಕಂಡಿತು ಎಂದಿಟ್ಟುಕೊಳ್ಳಿ. ಕಂಡದ್ದು ಮನಸ್ಸಿಗೆ ಹೊಳೆದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಬೇಕು. ಒಣರಸ್ತೆಯಲ್ಲಿ ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 7 ಮೀಟರಿನಷ್ಟು ಇಳಿಸಬಲ್ಲದು. ಗಂಟೆಗೆ 70 ಕಿ.ಮೀ. ವೇಗದಲ್ಲಿದ್ದರೆ ಕಾರು ನಿಲ್ಲಲು ಒಟ್ಟು 56 ಮೀಟರ್ ಸುಮಾರು ಬೇಕು, ಅಂದರೆ ಟ್ರಾಲಿಗೆ ತಾಗಿದರೂ ತಾಗಿದಷ್ಟೇ. 100ರಲ್ಲಿದ್ದರೆ ಬೇಕಾದದ್ದು 97 ಮೀಟರ್. 55 ಮೀಟರಿನಲ್ಲಿ 42 ಮೀಟರ್ ಬ್ರೇಕು ಮುಟ್ಟುವ ಮೊದಲೇ ಕರಗಿ, ಕಾರು 85 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಟ್ರಾಲಿಗೆ ಗುದ್ದುತ್ತದೆ. ಪರೀಕ್ಷೆಯ 64ಕ್ಕಿಂತ ಇದು ಎಷ್ಟೋ ಮೇಲೆ. ಸಾಲದ್ದಕ್ಕೆ ಟ್ರಾಲಿಯ ಹಿಂಬದಿಯ ಕಬ್ಬಿಣದ ಅಂಚು ಬಾನೆಟ್‌ಗಿಂತ ಎತ್ತರದಲ್ಲಿರುತ್ತದೆ. ಹೊಡೆತವನ್ನು ನುಂಗಲೆಂದೇ ರಚಿಸಿದ ಮುಂಭಾಗದ ಮೇಲೆ ಹಾದು ಅದು ನೇರ ಗಾಜಿಗೆ ಬರುತ್ತದೆ. ಇಂಥ ರಸ್ತೆಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ 70 ಕಿ.ಮೀ. ಗರಿಷ್ಠ ಮಿತಿ ಹಾಕಿತ್ತು. ಆದರೆ ನಿಂತ ಕಾರನ್ನು ಸದ್ದಿಲ್ಲದೆ ನೂರು ಮೀಟರ್ ಆಸುಪಾಸಿನಲ್ಲೇ ನೂರರ ವೇಗಕ್ಕೆ ಒಯ್ಯುವ ಮೋಟಾರು ಈ ಮಿತಿಯ ಅರಿವನ್ನೇ ಅಳಿಸುತ್ತದೆ. ಎಂಜಿನ್ನಿನ ಗರ್ಜನೆ ಕೇಳಿ ವೇಗ ಅಂದಾಜು ಮಾಡುವ ಅಭ್ಯಾಸದವರು ಇದರಲ್ಲಿ ಮೋಸಹೋಗುತ್ತಾರೆ.

ರೇಡಾರ್, ಕ್ಯಾಮೆರಾ ಇವೆಯಲ್ಲ ಎನ್ನಬಹುದು. ಅವು ಎಷ್ಟೋ ಜೀವ ಉಳಿಸುತ್ತವೆ, ನಿಜ. ಆದರೆ ಈಗಿನ ಭಾರತ್ ಎನ್‌ಕ್ಯಾಪ್ ನಕ್ಷತ್ರ ಕೊಡುವಾಗ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ಪರೀಕ್ಷಿಸುವುದಿಲ್ಲ. 2025ರ ಮಾರ್ಚ್ 29ರಂದು ಚೀನಾದ ಅನ್ಹುಯಿ ಪ್ರಾಂತ್ಯದಲ್ಲಿ ಶಿಯಾಮಿ ಎಸ್‌ಯು7 ಕಾರು ಕಾಮಗಾರಿ ನಡೆದಿದ್ದ ಹೆದ್ದಾರಿಯ ಕಾಂಕ್ರೀಟ್ ತಡೆಗೆ ಬಡಿದು ಮೂವರು ಸತ್ತರು. ಕಂಪನಿಯ ಹೇಳಿಕೆಯಂತೆ ಚಾಲನಾ ನೆರವು ಚಾಲೂ ಇದ್ದು ಕಾರು 116 ಕಿ.ಮೀ. ವೇಗದಲ್ಲಿತ್ತು, ಎಚ್ಚರಿಕೆಗೂ ಡಿಕ್ಕಿಗೂ ನಡುವೆ ಉಳಿದದ್ದು ಕೆಲವೇ ಸೆಕೆಂಡು. ಬಿಳಿಗೆರೆಯೇ ಇಲ್ಲದ ನಮ್ಮ ಜಿಲ್ಲಾ ರಸ್ತೆಗಳಲ್ಲಿ ಆ ನೆರವಿನ ಮೇಲೆ ಭಾರ ಹಾಕಿ ಕೂರುವುದು ಸಲ್ಲದು.

ಬೆಂಕಿ, ನೀರು, ತಳ

ಬೆಂಕಿಯ ಭಯ ಮಾತ್ರ ವಾಸ್ತವಕ್ಕಿಂತ ದೊಡ್ಡದಾಗಿ ಬೆಳೆದಿದೆ. ಸ್ವೀಡನ್ನಿನ ನಾಗರಿಕ ರಕ್ಷಣಾ ಸಂಸ್ಥೆಯ 2022ರ ಲೆಕ್ಕದಲ್ಲಿ ಆರು ಲಕ್ಷಕ್ಕೂ ಹೆಚ್ಚು ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಬೆಂಕಿ ಬಿದ್ದದ್ದು 23ಕ್ಕೆ. ಅಲ್ಲಿನ ವಿದ್ಯುತ್ ಕಾರುಗಳು ಹೊಸವು ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಪೆಟ್ರೋಲ್-ಡೀಸೆಲ್ ಕಾರುಗಳಿಗಿಂತ ಆ ಪ್ರಮಾಣ ಬಹಳ ಕಡಿಮೆ. ಬಿಇ 6ರಲ್ಲಿರುವುದು ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ. ನಿಕ್ಕಲ್ ಹೆಚ್ಚಿರುವ ಬ್ಯಾಟರಿಗಿಂತ ಇದು ಹೆಚ್ಚು ಶಾಖ ತಾಳುತ್ತದೆ, ಕೆಟ್ಟಾಗ ಆಮ್ಲಜನಕವನ್ನು ಸುಲಭವಾಗಿ ಬಿಡುವುದಿಲ್ಲ. 2022ರಲ್ಲಿ ಸಾಲುಸಾಲಾಗಿ ವಿದ್ಯುತ್ ಸ್ಕೂಟರ್‌ಗಳು ಸುಟ್ಟ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ನಿಯಮಗಳನ್ನು ಬಿಗಿ ಮಾಡಿತು. ಕಾರುಗಳಿಗೆ ಅನ್ವಯಿಸುವ ಎಐಎಸ್-038 ಮಾನದಂಡದ ತಿದ್ದುಪಡಿ 2022ರ ಡಿಸೆಂಬರ್‌ನಿಂದ ಎರಡು ಹಂತದಲ್ಲಿ ಜಾರಿಗೆ ಬಂತು.

ನನಗೆ ಇದಕ್ಕಿಂತ ಹೆಚ್ಚು ಚಿಂತೆಯ ವಿಷಯ ಕಾರಿನ ತಳ. ಚೀನಾ 2025ರಲ್ಲಿ ಹೊರಡಿಸಿದ, 2026ರ ಜುಲೈನಿಂದ ಜಾರಿಯೆಂದು ಸಾರಿದ ಬ್ಯಾಟರಿ ಮಾನದಂಡದಲ್ಲಿ ತಳಕ್ಕೆ ಹೊಡೆತ ಕೊಟ್ಟು ನೋಡುವ ಪರೀಕ್ಷೆ ಹೊಸದಾಗಿ ಸೇರಿದೆ. ಅಳತೆ ತಪ್ಪಿದ ರೋಡ್ ಹಂಪ್, ಕಿತ್ತುಬಂದ ಜಲ್ಲಿ, ಗ್ರಾನೈಟ್ ಲಾರಿಯಿಂದ ಉದುರಿದ ಚೂರುಗಲ್ಲು ಇರುವ ಕುಷ್ಟಗಿ ಸೀಮೆಗೆ ಇಂಥ ಪರೀಕ್ಷೆ ಚೀನಾದಷ್ಟೇ ಬೇಕು. ತಳ ಉಜ್ಜಿದ ಕಾರು ಮುಂದೆ ಓಡುತ್ತಲೇ ಇರುತ್ತದೆ, ಹಾಗಾಗಿ ಯಾರೂ ಜಾಕಿಗೆ ಏರಿಸಿ ನೋಡುವುದಿಲ್ಲ. ಒಳಗೆ ನಜ್ಜಿದ ಕೋಶ ತೊಂದರೆ ಕೊಡುವುದು ದಿನಗಳ ನಂತರವೂ ಆಗಬಹುದು.

ನೀರಿನ ವಿಷಯದಲ್ಲಿ ಜಾಹೀರಾತುಗಳು ಐಪಿ67 ಎನ್ನುತ್ತವೆ. ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ತಾಳಿದ್ದೆಂದು ಅದರ ಅರ್ಥ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಮುಳುಗುವ ಗಂಗಾವತಿ-ಕಂಪ್ಲಿ ಸೇತುವೆಯ ನೀರು ನಿಂತದ್ದಲ್ಲ. ಎರಡು ಟನ್ ಆಸುಪಾಸಿನ ಕಾರಿಗೆ ಸುಮಾರು 8 ಚದರ ಮೀಟರ್ ತಳ ಇದೆಯೆಂದರೆ, ನೀರು ತಳಕ್ಕಿಂತ ಕಾಲು ಮೀಟರ್ ಮೇಲೆ ಬಂದಾಗಲೇ ತೂಕದಷ್ಟು ನೀರು ಪಕ್ಕಕ್ಕೆ ಸರಿದು ಕಾರು ತೇಲುವ ಹದಕ್ಕೆ ಬರುತ್ತದೆ. ಬ್ಯಾಟರಿಗಾಗಿ ತಳವನ್ನು ಗಟ್ಟಿಯಾಗಿ ಮುಚ್ಚಿರುವುದರಿಂದ ಒಳಗೆ ನೀರು ನುಗ್ಗಿ ಭಾರವಾಗುವುದೂ ನಿಧಾನ. ಅರ್ಧ ಮೀಟರ್ ಹರಿವೇ ಸಾಕು, ಬ್ಯಾಟರಿಗೆ ಏನೂ ಆಗದೆ ಕಾರು ಕೊಚ್ಚಿಹೋಗಲು.

ಕಾರು ನಿಂತರೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಈ ಜಿಲ್ಲೆಯ ರೈತರಿಗೆ ಮರೆಯುವಂಥದ್ದಲ್ಲ. ಅಣೆಕಟ್ಟಿನ ಗೋಡೆಗೆ ಏನೂ ಆಗಿರಲಿಲ್ಲ. ಕೈಕೊಟ್ಟದ್ದು ಒಂದು ಸರಪಳಿ. ವಿದ್ಯುತ್ ಕಾರಿನಲ್ಲಿ ಆ ಸರಪಳಿಯ ಜಾಗದಲ್ಲಿರುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚು, ಗಣಕ, ಬಾಗಿಲ ಬೀಗ ಎಲ್ಲವೂ ಇದರಿಂದಲೇ ನಡೆಯುತ್ತವೆ. ಇದು ಬರಿದಾದರೆ 79 ಕಿಲೋವ್ಯಾಟ್ ಅವರ್ ತುಂಬಿದ್ದರೂ ಕಾರು ಅಲುಗದು. ಹುಂಡೈ ಕಂಪನಿ ಇದೇ ಬಗೆಯ ದೋಷಕ್ಕಾಗಿ, ಅಂದರೆ ಚಿಕ್ಕ ಬ್ಯಾಟರಿಗೆ ಚಾರ್ಜ್ ಕೊಡುವ ಘಟಕ ಕೆಡಬಹುದೆಂಬ ಕಾರಣಕ್ಕೆ, 2024ರ ಜೂನ್‌ನಲ್ಲಿ ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನು ವಾಪಸು ಕರೆಸಿತು. ಬೆಂಗಳೂರಿನಲ್ಲಿ ಹೀಗೆ ನಿಂತ ಕಾರನ್ನು ಸಂಜೆಯೊಳಗೆ ಎತ್ತಿಕೊಂಡು ಹೋಗುತ್ತಾರೆ. ಯಲಬುರ್ಗಾದ ಎರೆಹೊಲದ ನಡುವೆ ನಿಂತರೆ ಫ್ಲಾಟ್‌ಬೆಡ್ ಲಾರಿ ಹುಬ್ಬಳ್ಳಿ ಅಥವಾ ಹೊಸಪೇಟೆಯ ಕಡೆಯಿಂದ ಬರಬೇಕು. ಚಕ್ರ ನೆಲಕ್ಕೆ ತಾಗಿಸಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದರೆ ಮೋಟಾರು ತಾನೇ ವಿದ್ಯುತ್ ಹುಟ್ಟಿಸಿ ಇನ್ನಷ್ಟು ಹಾನಿ ಮಾಡುತ್ತದೆ.

ಚಾರ್ಜಿಂಗ್‌ನ ಮಾತಿಗೆ ಬಂದರೆ, ಬಲಿಷ್ಠ ಚಾರ್ಜರ್‌ನಲ್ಲಿ ಬಿಇ 6ರ ಬ್ಯಾಟರಿ ಶೇಕಡಾ 20ರಿಂದ 80ಕ್ಕೆ ಏರಲು 20 ನಿಮಿಷ ಎಂದು ಮಹೀಂದ್ರ ಹೇಳುತ್ತದೆ. 60 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಅದೇ ಕೆಲಸಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು, ಮನೆಯ 16 ಆಂಪಿಯರ್ ಪವರ್ ಪ್ಲಗ್ಗಿನಲ್ಲಿ ಸುಮಾರು ಹದಿನೈದು ತಾಸು. ಗೀಜರ್‌ಗೆಂದು ಹಾಕಿಸಿದ ಆ ಪ್ಲಗ್ಗು ಹತ್ತು ನಿಮಿಷದ ಹೊರೆಗೆ ಒಗ್ಗಿದ್ದು. ರಾತ್ರಿಯಿಡೀ 14-15 ಆಂಪಿಯರ್ ಹರಿದರೆ ಸಡಿಲ ತಂತಿಯ ತುದಿ ಕಾದು, ಪ್ಲಗ್ಗಿನ ಬಾಯಿ ಕಂದಿ, ಕೊನೆಗೆ ಕರಗುತ್ತದೆ. ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಸನಿಹ ಇರುವಾಗ ಅದಕ್ಕೆ ತಣಿಯಲೂ ದಾರಿಯಿಲ್ಲ.

ಇದಕ್ಕಿಂತ ಗಂಭೀರವಾದದ್ದು ಅರ್ತಿಂಗ್. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಈ ನೆಲದಲ್ಲಿ ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿದ್ದು ಮನೆ ಕಟ್ಟಿಸಿದ ವರ್ಷ. ಆಮೇಲೆ ಅದರ ಕಡೆ ತಿರುಗಿ ನೋಡಿದವರು ಕಡಿಮೆ. ಯಲಬುರ್ಗಾ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ಬಿಡಿಸಿಕೊಳ್ಳುತ್ತದೆ. ಕುಷ್ಟಗಿ ಕಡೆ ತೆಳು ಮಸಾರಿಯ ಕೆಳಗೆ ಬಂಡೆ. ಎರಡೂ ಕಡೆ ವಿದ್ಯುತ್ತಿಗೆ ನೆಲದೊಳಗೆ ಇಳಿಯಲು ದಾರಿ ಕಿರಿದಾಗುತ್ತದೆ. ಕಾರಿನ ಚಾರ್ಜರ್ ಇದನ್ನು ಪತ್ತೆ ಹಚ್ಚಿ ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಆಗ ಯಾರೋ ಒಬ್ಬರು ಪ್ಲಗ್ಗಿನೊಳಗೆ ನ್ಯೂಟ್ರಲ್ ತಂತಿಯನ್ನೇ ಅರ್ತಿಂಗ್ ಪಿನ್ನಿಗೆ ಜೋಡಿಸಿ ದೀಪ ಹಸಿರಾಗಿಸುತ್ತಾರೆ. ಚಾರ್ಜಾಗುತ್ತದೆ, ಎಲ್ಲರೂ ಸಮಾಧಾನಪಡುತ್ತಾರೆ. ಗಾಳಿಮಳೆಗೆ ಹೊರಗಿನ ನ್ಯೂಟ್ರಲ್ ಹರಿದ ದಿನ ಕಾರಿನ ಮೈತುಂಬ 230 ವೋಲ್ಟ್ ನಿಲ್ಲುತ್ತದೆ. ಅಂಗಳದಲ್ಲಿ ಒದ್ದೆ ಕಾಲಿನಲ್ಲಿ ಬಾಗಿಲ ಹಿಡಿಕೆ ಮುಟ್ಟುವ ಮಗುವಿಗೆ ಡಿಕ್ಕಿ ಪರೀಕ್ಷೆಯ ಯಾವ ಅಂಕವೂ ಕಾವಲಾಗದು. ಬ್ಯಾಟರಿ ಬೆಂಕಿಗಿಂತ ಈ ಅಪಾಯ ನಮ್ಮ ಹಳ್ಳಿಗಳಿಗೆ ಹತ್ತಿರದ್ದು ಎಂದೇ ನನ್ನ ಎಣಿಕೆ.

ಪರಿಹಾರ ಕಷ್ಟದ್ದಲ್ಲ. ವಿದ್ಯುತ್ ವಾಹನಗಳಿಗೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ್ದು ಕರ್ನಾಟಕ, 2017ರಲ್ಲಿ. ಆ ಮುಂದಾಳತ್ವಕ್ಕೆ ತಕ್ಕಂತೆ, ಕಾರು ಕೊಳ್ಳುವವರ ಮನೆಯ ಅರ್ತಿಂಗನ್ನು ಮಳೆಗಾಲದಲ್ಲಲ್ಲ, ಏಪ್ರಿಲ್-ಮೇ ತಿಂಗಳಲ್ಲಿ ಮೀಟರ್ ಇಟ್ಟು ಅಳೆಯುವ ಹೊಣೆಯನ್ನು ಮಾರಾಟಗಾರರೂ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂ ಕೂಡ ಹೊರಬೇಕು. ಚಾರ್ಜಿಂಗ್‌ಗೆ ಪ್ರತ್ಯೇಕ ತಂತಿ ಮತ್ತು ಸೋರಿಕೆ ಕಂಡೊಡನೆ ಕಡಿತ ಮಾಡುವ ಸ್ವಿಚ್ಚು ಇಲ್ಲದೆ ಕಾರು ಒಪ್ಪಿಸಬಾರದು. ಅಗ್ನಿಶಾಮಕ ಸಿಬ್ಬಂದಿಗೆ ಪ್ರತಿ ಮಾದರಿಯ ಅಧಿಕ ವೋಲ್ಟೇಜಿನ ಕಿತ್ತಳೆ ತಂತಿ ಎಲ್ಲಿ ಹಾದಿದೆ, ಎಲ್ಲಿ ಕತ್ತರಿಸಬಾರದು, 12 ವೋಲ್ಟ್ ಸತ್ತ ಕಾರಿನ ಬಾಗಿಲನ್ನು ಹೊರಗಿನಿಂದ ಹೇಗೆ ತೆಗೆಯಬೇಕು ಎಂಬುದನ್ನು ಚಿತ್ರಸಹಿತ ಕನ್ನಡದಲ್ಲಿ ಕೊಡುವುದು ತಯಾರಕರ ಕರ್ತವ್ಯವಾಗಬೇಕು. ಟ್ರಾಲಿಗಳಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸುವ ಕೆಲಸವನ್ನು ಭತ್ತದ ಕಟಾವಿಗೆ ಮುಂಚೆ, ಎಪಿಎಂಸಿ ಗೇಟಿನಲ್ಲೇ, ಪ್ರತಿ ವರ್ಷ ಮಾಡಬಹುದು. ಅದಕ್ಕೆ ತಗಲುವ ಹಣ ಇಂಥ ಒಂದು ಕಾರಿನ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ.