ಗೋಕಾಕದ ಗಿರಣಿ: ಕಲ್ಲಿನ ಕಾಲ, ಕಾಂಕ್ರೀಟಿನ ಕಾಲ

ಸಹ್ಯಾದ್ರಿಯಲ್ಲಿ ಜನಿಸಿ, ಹುಕ್ಕೇರಿಯ ಸೀಮೆಯನ್ನು ತೋಯಿಸಿ, ಧೂಪದಾಳದ ಒಡ್ಡಿನಲ್ಲಿ ಕ್ಷಣಕಾಲ ವಿಶ್ರಮಿಸಿ ಮುಂದುವರಿಯುವ ಘಟಪ್ರಭೆಯು, ಗೋಕಾಕ ಪಟ್ಟಣವನ್ನು ಮುಟ್ಟುವ ಮುನ್ನ ಮರಳುಗಲ್ಲಿನ ಬಂಡೆಯ ಅಂಚಿನಿಂದ ಸುಮಾರು 170 ಅಡಿ ಕೆಳಗೆ ಧುಮುಕುತ್ತದೆ. ಕುದುರೆಯ ಲಾಳದ ಆಕಾರದ ಈ ಪ್ರಪಾತವನ್ನು ಕಂಡು ನಮ್ಮ ಪೂರ್ವಿಕರು ಅದರ ದಂಡೆಯ ಮೇಲೆ ಚಾಲುಕ್ಯ ಶೈಲಿಯ ದೇವಾಲಯಗಳನ್ನು ನಿರ್ಮಿಸಿದರು. ಅದೇ ಪ್ರಪಾತವನ್ನು ಕಂಡು ಹತ್ತೊಂಬತ್ತನೆಯ ಶತಮಾನದ ವ್ಯಾಪಾರಿಗಳು ನೂಲಿನ ಗಿರಣಿಯನ್ನು ಸ್ಥಾಪಿಸಿದರು. ದೇವಾಲಯದ ಚರಿತ್ರೆಯನ್ನು ಬರೆದವರು ಹಲವರು. ಗಿರಣಿಯ ಗೋಡೆಗಳೂ ಚರಿತ್ರೆಯೇ ಎಂಬ ಭಾವನೆ ಮಾತ್ರ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು 1885ರಲ್ಲಿ ಸ್ಥಾಪಿತವಾಯಿತು. ಮುಂಬಯಿಯ ಫೋರ್ಬ್ಸ್ ಸಂಸ್ಥೆಯವರು ಅದರ ವ್ಯವಸ್ಥಾಪಕರಾದರು. ಮುಂಬಯಿಯ ಗಿರಣಿಗಳೆಲ್ಲ ಉಗಿಯಂತ್ರವನ್ನು ನಂಬಿ, ದೂರದಿಂದ ಬರುವ ಕಲ್ಲಿದ್ದಲಿಗೆ ಬಹುವಾಗಿ ಹಣ ತೆರುತ್ತಿದ್ದ ಆ ದಿನಗಳಲ್ಲಿ, ಪುಕ್ಕಟೆಯಾಗಿ ಧುಮುಕುವ ನೀರು, ಸುತ್ತಣ ಎರೆಭೂಮಿಯಲ್ಲಿ ಬೆಳೆಯುವ ಹತ್ತಿ, ಅದೇ ದಶಕದಲ್ಲಿ ಈ ಭಾಗಕ್ಕೆ ಕಾಲಿಟ್ಟ ರೈಲುಮಾರ್ಗ, ಈ ಮೂರೂ ಒಂದೆಡೆ ಕೂಡಿದ ಸ್ಥಳವು ಅಪೂರ್ವವೆಂದು ಅವರಿಗೆ ತೋರಿದುದು ಸಹಜವೇ ಆಗಿತ್ತು. 1887ರಲ್ಲಿಯೇ ಇಲ್ಲಿ ನೀರಿನಿಂದ ವಿದ್ಯುತ್ತು ಹುಟ್ಟಿತೆಂಬ ಪ್ರತೀತಿ ಈ ಭಾಗದಲ್ಲಿ ಬಲವಾಗಿದೆ. ಡಾರ್ಜಿಲಿಂಗದ ಸಿದ್ರಾಪೋಂಗ್ ಕೇಂದ್ರವು 1897ರಲ್ಲಿಯೂ, ನಮ್ಮ ಶಿವನಸಮುದ್ರವು 1902ರಲ್ಲಿಯೂ ಆರಂಭವಾದುವೆಂಬುದನ್ನು ನೆನೆದರೆ ಈ ಪ್ರತೀತಿಯ ಹಿಂದಿರುವ ಅಭಿಮಾನವು ಅರ್ಥವಾಗುತ್ತದೆ. ವಿದ್ಯುತ್ತಿನ ಕೀರ್ತಿಯನ್ನು ಬದಿಗಿಟ್ಟರೂ, ಬೀಳುವ ನೀರಿನ ಬಲದಿಂದ ಕದಿರುಗಳನ್ನು ತಿರುಗಿಸಿದ ಈ ದೇಶದ ಮೊದಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೊಂದು ಎಂಬ ಗೌರವಕ್ಕೆ ಕುಂದಿಲ್ಲ.

ಗಿರಣಿಯೊಡನೆ ಒಂದು ಊರೇ ಹುಟ್ಟಿತು. ಕೊಣ್ಣೂರಿನ ನೆರೆಯ ಬಂಡೆನೆಲದ ಮೇಲೆ ಕಾರ್ಮಿಕರ ಚಾಳುಗಳೂ ಶಾಲೆಯೂ ಆಸ್ಪತ್ರೆಯೂ ಬಂದವು. ಕಂದರದ ಮೇಲೆ ಸುಮಾರು 200 ಮೀಟರು ಉದ್ದದ ತೂಗುಸೇತುವೆಯು ಎರಡು ದಂಡೆಗಳನ್ನು ಬೆಸೆಯಿತು. ಗೋಕಾಕ ಸೀಮೆಯ ಹಳ್ಳಿಗಳಲ್ಲಿ ಮಳೆಯನ್ನು ನೋಡಿ ದಿನವನ್ನು ಅಳೆಯುತ್ತಿದ್ದ ಒಕ್ಕಲು ಮಕ್ಕಳು ಗಿರಣಿಯ ಭೋಂಗಾದ ಕೂಗಿಗೆ ಎದ್ದು, ಪಾಳಿಗೆ ಹೋಗಿ, ಪಗಾರವನ್ನೆಣಿಸಿ ಬಾಳುವ ಹೊಸ ಜೀವನಕ್ರಮವನ್ನು ಕಲಿತರು. ಧೂಪದಾಳದಿಂದ ಹೊರಟ ಎಡದಂಡೆಯ ಕಾಲುವೆಯು ಮೂಡಲಗಿಯ ಕಡೆಯ ಹೊಲಗಳಿಗೆ ನೀರುಣಿಸಿದರೆ, ಅದೇ ನದಿಯು ಪ್ರಪಾತದ ಬಳಿ ನೂಲನ್ನು ನೂತಿತು. ಒಕ್ಕಲುತನಕ್ಕೂ ಕೈಗಾರಿಕೆಗೂ ಒಂದೇ ಹೊಳೆ ಆಧಾರವಾದುದು ಈ ಸೀಮೆಯ ವಿಶೇಷವೆನ್ನಬೇಕು.

ಆ ಕಾಲದ ಗಿರಣಿಗಳ ನಿರ್ಮಾಣವು ಕಲ್ಲು, ಸುಣ್ಣ, ಮರ ಮತ್ತು ಬೀಡುಕಬ್ಬಿಣಗಳದು. ಪೋರ್ಟ್‌ಲ್ಯಾಂಡ್ ಸಿಮೆಂಟು ಹಡಗಿನಲ್ಲಿ ಪೀಪಾಯಿಗಳಲ್ಲಿ ಬರುತ್ತಿದ್ದ ದುಬಾರಿಯ ವಸ್ತು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದ ಸುರ್ಕಿಯ ಗಾರೆಯೇ ಸರ್ವತ್ರ ಬಳಕೆಯಲ್ಲಿತ್ತು. ಆದರೆ ನೂಲಿನ ಗಿರಣಿಗೆ ಬೆಂಕಿಯೇ ಪರಮಶತ್ರು. ಹಾರುವ ಹತ್ತಿಯ ಧೂಳು, ಎಣ್ಣೆ ಕುಡಿದ ಮರದ ಅಟ್ಟ, ಉಜ್ಜಿ ಕಾಯುವ ಯಂತ್ರಗಳು, ಇವುಗಳ ಸಹವಾಸದಲ್ಲಿ ಒಂದು ಕಿಡಿ ಸಾಕು. ಕಾಂಕ್ರೀಟಿನ ಕಟ್ಟಡದ ಹುಟ್ಟಿಗೆ ಈ ಭೀತಿಯೂ ಒಂದು ಕಾರಣವಾಯಿತು. ಫ್ರಾನ್ಸಿನ ಫ್ರಾಂಸ್ವಾ ಎನ್ನೆಬಿಕ್ ಎಂಬಾತನು ಉಕ್ಕಿನ ಸರಳುಗಳನ್ನು ಕಾಂಕ್ರೀಟಿನೊಳಗೆ ಹುದುಗಿಸಿ ಕಂಬ, ತೊಲೆ, ಚಾವಣಿಗಳನ್ನು ಏಕಶರೀರವಾಗಿ ಎರಕ ಹೊಯ್ಯುವ ಪದ್ಧತಿಗೆ 1892ರಲ್ಲಿ ಸ್ವಾಮ್ಯಪತ್ರವನ್ನು ಪಡೆದನು. ವೇಲ್ಸಿನ ಸ್ವಾನ್ಸಿಯಲ್ಲಿ ವೀವರ್ ಕಂಪನಿಯ ಹಿಟ್ಟಿನ ಗಿರಣಿಯು 1897–98ರಲ್ಲಿ ಅದೇ ಪದ್ಧತಿಯಲ್ಲಿ ಎದ್ದು, ಬ್ರಿಟನ್ನಿನ ಬಲವರ್ಧಿತ ಕಾಂಕ್ರೀಟು ಕಟ್ಟಡಗಳಲ್ಲಿ ಆದ್ಯವೆನಿಸಿತು.

ಆ ಹಿಟ್ಟಿನ ಗಿರಣಿಯ ಗತಿಯು ನಮಗೊಂದು ಪಾಠ. ಉದ್ಯೋಗ ನಿಂತು, ಕಟ್ಟಡ ಪಾಳುಬಿದ್ದು, ಕೊನೆಗೆ 1984ರಲ್ಲಿ ಅದನ್ನು ಕೆಡವಲಾಯಿತು; ಅದರ ಕೆಲವು ತುಣುಕುಗಳು ಮಾತ್ರ ಸ್ಮರಣೆಗಾಗಿ ಉಳಿದಿವೆ. ಕಾಂಕ್ರೀಟು ಶಾಶ್ವತವೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಅದರೊಳಗಿನ ಕ್ಷಾರಗುಣವು ಉಕ್ಕನ್ನು ಕಾಪಾಡುವವರೆಗೆ ಕ್ಷೇಮ; ಗಾಳಿಯ ಇಂಗಾಲಾಮ್ಲವು ಒಳಹೊಕ್ಕು ಆ ಗುಣವನ್ನು ಕುಂದಿಸಿತೆಂದರೆ, ತೇವದಿಂದ ಸರಳು ತುಕ್ಕು ಹಿಡಿದು ಉಬ್ಬಿ, ಮೇಲಿನ ಹೊದಿಕೆಯನ್ನು ಸೀಳಿಬಿಡುತ್ತದೆ. ಸುಣ್ಣದ ಗಾರೆಯ ಕಲ್ಲುಗೋಡೆಯು ತಾಳ್ಮೆಯಿಂದ ಮುಪ್ಪಾಗುವಂತೆ ಕಾಂಕ್ರೀಟು ಮುಪ್ಪಾಗುವುದಿಲ್ಲ. ಚಾವಣಿಯ ಸೋರಿಕೆಯನ್ನು ವರ್ಷವರ್ಷವೂ ತಡೆಯುವವರಿಲ್ಲದಿದ್ದರೆ ಅದು ಒಳಗಿನಿಂದಲೇ ಕೆಡುತ್ತದೆ.

ನಮ್ಮಲ್ಲಿಯೂ ಕಾಂಕ್ರೀಟಿನ ಯುಗವು ಬಂದಿತು. ಸ್ವಾತಂತ್ರ್ಯಾನಂತರ ಇದೇ ಘಟಪ್ರಭೆಯ ಕೆಳಹರಿವಿನ ಬಾಗಲಕೋಟೆಯಲ್ಲಿ ಸಿಮೆಂಟಿನ ಕಾರ್ಖಾನೆ ನಡೆಯಿತು. ಮೇಲ್ಹರಿವಿನಲ್ಲಿ, ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ, ರಾಜಾ ಲಖಮಗೌಡರ ಹೆಸರಿನ ಅಣೆಕಟ್ಟು ಎದ್ದಿತು. ಹುನ್ನೂರಿನ ವಿಠ್ಠಲನ ಗುಡಿಯು ಅದರ ಹಿನ್ನೀರಿನಲ್ಲಿ ಮುಳುಗಿ, ಬೇಸಗೆಯಲ್ಲಿ ನೀರಿಳಿದಾಗ ಮಾತ್ರ ದರ್ಶನವೀಯುತ್ತದೆ. ಅದನ್ನು ನೋಡಲು ಜನ ನೆರೆಯುತ್ತಾರೆ. ಗುಡಿಯ ವಿಷಯದಲ್ಲಿ ತೋರುವ ಈ ಪ್ರೀತಿಯು ದುಡಿಮೆಯ ಕಟ್ಟಡಗಳ ವಿಷಯದಲ್ಲಿ ಏಕೆ ತೋರದು? ಬೆಂಗಳೂರಿನ ಮಲ್ಲೇಶ್ವರದ ರಾಜಾ ಮಿಲ್ಲು ಇದ್ದ ಸ್ಥಳದಲ್ಲಿ ಇಂದು ಮಾರಾಟದ ಮಹಾಸಂಕೀರ್ಣವಿದೆ. ಅಲ್ಲಿ ನೂಲು ತೆಗೆದ ಸಾವಿರಾರು ಕೈಗಳ ಗುರುತು ಆ ನೆಲದ ಮೇಲೆ ಕಾಣದು.

ಯಾವ ಕಾರ್ಖಾನೆಯೂ ಎಂದೆಂದಿಗೂ ನಡೆಯಲೇಬೇಕೆಂದು ಕೇಳುವುದು ನ್ಯಾಯವಲ್ಲ. ಯಂತ್ರಗಳು ಬದಲಾಗುತ್ತವೆ, ಒಡೆತನ ಕೈದಾಟುತ್ತದೆ, ಹಳೆಯ ಯಂತ್ರಶಾಲೆಗಳೂ ಗೋದಾಮುಗಳೂ ಉಪಯೋಗ ತಪ್ಪುತ್ತವೆ. ಆದರೆ ಉಪಯೋಗ ತಪ್ಪಿದುದೆಲ್ಲ ನಿರರ್ಥಕವಲ್ಲ. ಶಿಲಾಶಾಸನವು ಅರಸನ ದಾನವನ್ನು ಹೇಳುತ್ತದೆ. ಗಿರಣಿಯ ಗೋಡೆಯು ಹೆಸರಿಲ್ಲದ ಒಕ್ಕಲಿಗನು ಕಾರ್ಮಿಕನಾದ ಬಗೆಯನ್ನು ಹೇಳುತ್ತದೆ. ಆದುದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಿದ್ಯಾವಂತ ತರುಣರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಗಿರಣಿ, ಒಡ್ಡು, ಕಾಲುವೆ, ಚಾಳುಗಳ ಅಳತೆ ತೆಗೆಯಿರಿ, ಚಿತ್ರ ಬರೆಯಿರಿ, ನಿವೃತ್ತರಾದ ಹಿರಿಯರ ಮಾತುಗಳನ್ನು ಅವರು ಇರುವಾಗಲೇ ಬರೆದಿಟ್ಟುಕೊಳ್ಳಿರಿ. ಸರಕಾರವೂ ದೇವಾಲಯ, ಕೋಟೆಗಳ ಪಟ್ಟಿಯ ಜೊತೆಗೆ ಕೈಗಾರಿಕೆಯ ಹಳೆಯ ಕಟ್ಟಡಗಳ ಪಟ್ಟಿಯೊಂದನ್ನು ಜಿಲ್ಲೆ ಜಿಲ್ಲೆಗೂ ಸಿದ್ಧಪಡಿಸಲಿ. ಕೆಡವುವ ನಿರ್ಧಾರವು ಅನಿವಾರ್ಯವಾದರೂ, ಕೆಡವುವ ಮೊದಲು ದಾಖಲಿಸುವುದು ನಮ್ಮೆಲ್ಲರ ಕರ್ತವ್ಯ.